ಫ್ರಿಜ್‌ನಲ್ಲಿಟ್ಟವಳು ನಾನು

ಬಿಷ್ಕೆಕ್, ಗುರುವಾರ

ಸಬಿರಾ ಅಕ್ಕನವರಿಗೆ ಬುರುಲ್ ಮಾಡುವ ಸಲಾಮು.

ಪ್ರಯೋಗಾಲಯದ ಜೀವಕೋಶಗಳ ತಟ್ಟೆಯನ್ನು, ಕೆಟ್ಟೀತೆಂದು ಹೆದರಿ, ಫ್ರಿಜ್‌ನಲ್ಲಿಟ್ಟವಳು ನಾನು. "ಕುದುರೆ ಹಾಲು ಅಂದ್ಕೊಂಡ್ಯೇನೋ, ಪೆದ್ದ?" ಎಂದು ನೀವು ನಿಮ್ಮ ಸಹಾಯಕ ಎರ್ಮೆಕ್‌ನನ್ನು ಬೈದಾಗ ನಾನು ತಲೆ ತಗ್ಗಿಸಿ ತಟ್ಟೆ ತೊಳೆಯುತ್ತಲೇ ಇದ್ದೆ.

ಆಮೇಲೆ ತಟ್ಟೆ ಬೆಚ್ಚಗೆ ಮಾಡಿ, "ನೋಡಮ್ಮ, ಇದು ಕೋಶದ ಎಲುಬುಗೂಡು" ಎಂದು ಸೂಕ್ಷ್ಮದರ್ಶಕದಲ್ಲಿ ನನಗೆ ತೋರಿಸಿದಿರಿ. ಚಳಿಗೆ ಕರಗಿದ್ದ ಅದರ ಎಳೆಗಳು ಕೋಶದ ನಡುವಿನಿಂದ ಮತ್ತೆ ಚಾಚಿಕೊಂಡವು. ಅವುಗಳ ಮೇಲೆ ಕೋಶದ ಸಾಮಾನು ಹೊತ್ತ ಪುಟ್ಟ ಗಂಟುಗಳೂ ಸಾಗತೊಡಗಿದವು! ಬೇಸಿಗೆಯ ಹುಲ್ಲುಗಾವಲಿನಲ್ಲಿ ನಮ್ಮ ಗುಡಾರ ಎಬ್ಬಿಸಲು ಆರು ಜನ ಬೇಕು. ಇಲ್ಲಿ ಯಾರೂ ಕೈ ಹಾಕಲಿಲ್ಲ.

ಎರ್ಮೆಕ್‌ನನ್ನು ನಾಳೆ ಕೆಲಸದಿಂದ ತೆಗೆಯುತ್ತೀರಂತೆ. ದಯವಿಟ್ಟು ಬೇಡ. ನಾಳೆಗೆ ಬೇಕಾದ ತಟ್ಟೆಗಳನ್ನೆಲ್ಲ ತೊಳೆದಿಟ್ಟಿದ್ದೇನೆ. ನನ್ನನ್ನು ತೆಗೆಯುವುದಾದರೆ, ಹೊರಡುವ ಮುನ್ನ ಇನ್ನೊಂದು ಸಲ ಆ ಎಳೆಗಳನ್ನು ನೋಡಲು ಬಿಡಿ.

ತಟ್ಟೆ ತೊಳೆಯುವ
ಬುರುಲ್