ಮರಾಠಿಗೆ ಬಾರದ ಸಂಕಟ

ತಳೇಗಾಂವ ದಾಭಾಡೆ,
ಶನಿವಾರ

ನನ್ನ ಮುದ್ದು ಶ್ರದ್ಧಾ,

ಕೈಯಲ್ಲೇ ಫೋನಿರುವಾಗ ಅಮ್ಮನಿಗೆ ಕಾಗದದ ಹುಚ್ಚು ಯಾಕೆಂದು ನಗಬೇಡ. ಫೋನಿನಲ್ಲಿ ಮಾತಾಡಿದರೆ ಅಪ್ಪನಿಗೆ ಕೇಳುತ್ತದೆ. ಮಂಗಳೂರಿನಲ್ಲಿ ಅತ್ತೆಮನೆಯವರ ಎದುರು ನಿನಗೂ ಅಳಲಾಗುವುದಿಲ್ಲ.

ಬೈಕಿನಲ್ಲಿ ಹೋದ ನಿನ್ನ ತಮ್ಮ ಸುಖೇಶ್ ಹೆಣವಾಗಿ ಬಂದಂದಿನಿಂದ ಅಪ್ಪ ಹೇಗಾಗಿದ್ದಾರೆಂದು ನಿನಗೆ ಗೊತ್ತು. ಹೋಟೆಲಿನ ಗಲ್ಲಾದಲ್ಲಿ ಕೂತಿರುತ್ತಾರೆ, ಗಿರಾಕಿ ಕರೆದರೂ ಕೇಳಿಸುವುದಿಲ್ಲ. ಹೋದ ತಿಂಗಳು ರೈಲು ಹಳಿಯ ಹತ್ತಿರ ಒಬ್ಬರೇ ನಿಂತಿದ್ದರಂತೆ. ನಮ್ಮ ದೋಸೆ ಹೊಯ್ಯುವ ಮಾಂತು ಕೈಹಿಡಿದು ಕರೆತಂದ. ಅವತ್ತಿನಿಂದ ನಾನು ಜೀವ ಕೈಯಲ್ಲಿ ಹಿಡಿದುಕೊಂಡೇ ಇದ್ದೇನೆ.

ಈ ಊರಿನಲ್ಲಿ ಕಣ್ಣಿಗೆ, ಹಲ್ಲಿಗೆ ಗಲ್ಲಿಗೊಬ್ಬ ಡಾಕ್ಟರ್. ಮನಸ್ಸಿಗೆ ಮಾತ್ರ ಪುಣೆಗೆ ಹೋಗಿ ಎನ್ನುತ್ತಾರೆ. ಪುಣೆ ಎಂದದ್ದೇ ತಡ, 'ನಂಗೆಂತ ಮರ್ಲಾ, ಹುಚ್ಚಾಸ್ಪತ್ರೆಗೆ ಹಾಕ್ಲಿಕ್ಕೆ?' ಎಂದು ಅಪ್ಪ ಎದ್ದು ಹೋದರು. ಕೇಳಿ ಕೇಳಿ ಕಡೆಗೆ, ಸ್ಟೇಷನ್ ಹತ್ತಿರದ ಇಸ್ತ್ರಿ ಅಂಗಡಿಯ ಮಹಡಿಗೆ ಶುಕ್ರವಾರ ಮಾತ್ರ ಬರುವ ಕೌನ್ಸೆಲರ್ ಮೇಡಂ ಒಬ್ಬರು ಸಿಕ್ಕಿದರು.

ನಾನೊಂದು ಉಪಾಯ ಹೂಡಿದೆ. ಹುಷಾರಿಲ್ಲದ್ದು ನನಗೆ, ನನ್ನ ಮರಾಠಿ ಸೊಪ್ಪು ಕೊಳ್ಳುವಷ್ಟು ಮಾತ್ರ, ನೀವೇ ಬಂದು ಹೇಳಬೇಕು ಎಂದೆ. ಬಂದರು. ನಾನು ಕನ್ನಡದಲ್ಲಿ ಹೇಳುವುದು, ಅಪ್ಪ ಮರಾಠಿಯಲ್ಲಿ ದಾಟಿಸುವುದು. ನಿದ್ದೆಯಿಲ್ಲ, ಯಾರ ಮಾತೂ ಬೇಡ ಎಂದು ಅವರ ಕಷ್ಟವನ್ನೇ ನನ್ನದೆಂದು ಹೇಳುತ್ತಾ ಹೋದೆ. ಮಗನನ್ನು ನೆನೆದರೆ ಸಂಕಟವಾಗುತ್ತದೆ ಎಂದಾಗ ಅಪ್ಪ ಸಂಕಟವನ್ನು ಸಂಕಟವೆಂದೇ ದಾಟಿಸಿಬಿಟ್ಟರು. ಮರಾಠಿಯಲ್ಲಿ ಅದು ಗಂಡಾಂತರ, ಮಾರಾಯ್ತಿ! ಮೇಡಂ ಗಾಬರಿಯಾಗಿ, ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ ಎಂದು ಅಪ್ಪನನ್ನೇ ದುರುಗುಟ್ಟಿ ನೋಡಿದರು. ಆ ಹೊತ್ತಿನಲ್ಲೂ ನನಗೆ ನಗು ಬಂತು.

ಅಪ್ಪ ನಗಲಿಲ್ಲ. ಹಾಗಲ್ಲ, ನಮ್ಮಲ್ಲಿ ಸಂಕಟವೆಂದರೆ ಬೇರೆ ಎಂದು ವಿವರಿಸಲು ಹೊರಟರು. ಸರಿಯಾದ ಮಾತು ಸಿಗಲಿಲ್ಲ. ಎದೆ ಮುಟ್ಟಿಕೊಂಡು, ಇಲ್ಲಿ, ಇಲ್ಲಿ ಎಂದರು. ಆಮೇಲೆ 'ಮಲಾ' ಎಂದು ಶುರುಮಾಡಿದರು. ನನಗೆ ಎಂದು ಅದರರ್ಥ. ಹೆಂಡತಿಯ ಮಾತು ದಾಟಿಸುವುದು ಅಲ್ಲಿಗೇ ನಿಂತುಹೋಯಿತು. ಮಗನ ಚಿತೆಯ ಎದುರೂ ಅಳದವರು ಗುರುತಿಲ್ಲದ ಹೆಂಗಸಿನೆದುರು ಏನೇನೋ ಹೇಳಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನಾನು ಅರ್ಥವಾಗದವಳ ಹಾಗೆ ಗೋಡೆ ನೋಡುತ್ತಾ ಕೂತಿದ್ದೆ.

ಮುಂದಿನ ಶುಕ್ರವಾರವೂ ಬರುತ್ತೇನೆಂದಿದ್ದಾರೆ. ನೀನು ಅವರನ್ನು ಏನೂ ಕೇಳಲು ಹೋಗಬೇಡ. ನನ್ನ ಚಿಂತೆ ಮಾಡಬೇಡ, ನಾನು ಗಟ್ಟಿಯಾಗಿಯೇ ಇದ್ದೇನೆ.

ನಿನ್ನನ್ನೇ ನೆನೆಯುವ ಅಮ್ಮ,
ಲೀಲಾಕ್ಷಿ

ತಾ.ಕ.: ಆಡಲು ಬಾರದಿದ್ದರೂ ಮರಾಠಿ ಕೇಳಿದರೆ ನನಗೆ ತಿಳಿಯುತ್ತದೆ. ಅಪ್ಪ ಮೇಡಂಗೆ ಹೇಳಿದ್ದು ಇಷ್ಟು: ಮಗ ಹೋದ ಮೇಲೂ ನನ್ನ ಹೆಂಡತಿ ದಿನಾ ಅವನಿಗೆ ಊಟದ ಡಬ್ಬಿ ಕಟ್ಟುತ್ತಾಳೆ. ಬೇಡವೆನ್ನಲು ಬಾಯಿ ಬರುವುದಿಲ್ಲ. ಅವಳಿಗೆ ಕಾಣದಂತೆ ನಾನೇ ತಿಂದು, ಖಾಲಿ ಡಬ್ಬಿ ತಂದಿಡುತ್ತೇನೆ. ನಮ್ಮ ಭಾಷೆಯಲ್ಲಿ ಸಂಕಟವೆಂದರೆ ಅದು.

ಎಲ್ಲ ಕೇಳಿಸಿಕೊಂಡೆ, ಮಗಳೇ. ಇವತ್ತು ಬೆಳಿಗ್ಗೆಯೂ ಡಬ್ಬಿ ಕಟ್ಟಿದೆ.