ಕೋಳಿಗೂಡಿನ ಬಾಗಿಲಿನ ಅಳತೆ

ಹಿತ್ತಿಲ ಮೆಟ್ಟಿಲು,
ಭಾನುವಾರ, ಮೇ ೧೨

ಪ್ರೀತಿಯ ರೀ,

ಹೇಗಿದ್ದೀರಿ? ಕಣ್ಣುರಿ ಕಡಿಮೆಯಾಯಿತೇ? ಬೆಸುಗೆ ಹಾಕುವಾಗ ಕನ್ನಡಕ ತೆಗೆಯಬೇಡಿ ಎಂದು ಹೇಳಿ ಹೇಳಿ ನನಗೆ ಬಾಯಿ ನೋವು ಬಂತು, ಕೇಳಿ ಕೇಳಿ ನಿಮ್ಮ ಕಿವಿಗೇನೂ ಆದಂತಿಲ್ಲ. ಸಂಜೆ ಬರೀ ಬ್ರೆಡ್ಡು ತಿಂದು ಮಲಗುತ್ತೀರಂತೆ, ನಿಮ್ಮ ಕೋಣೆಯ ಜೊತೆಗಾರರು ಚಾಡಿ ಹೇಳಿದರು. ನಾವು ಮೂವರೂ ಚೆನ್ನಾಗಿದ್ದೇವೆ. ಪುಟ್ಟಿಯ ಮುಂದಿನ ಹಲ್ಲು ಎರಡೂ ಬಿದ್ದಿವೆ, ನಕ್ಕರೆ ಥೇಟ್ ಅವಳ ತಾತನೇ. ಫೋನಿರುವಾಗ ಇವಳಿಗೇನು ಕಾಗದದ ಹುಚ್ಚು ಎನ್ನಬೇಡಿ. ನಾನು ಫೋನು ಹಿಡಿದರೆ ಸಾಕು, ಮಾವ ಮುಖ ತಿರುಗಿಸಿಕೊಂಡು ಹಿತ್ತಿಲಿಗೆ ಹೋಗುತ್ತಾರೆ. ಹೋಗಿ, ಸರಿಯಾಗಿ ಕಿಟಕಿಯ ಕೆಳಗೇ ನಿಲ್ಲುತ್ತಾರೆ. ಈಗ ಹೇಳುವುದು ಅವರ ಕಿವಿಗೆ ಬೀಳಬಾರದು.

ಫೋನಿಡುವ ಮುಂಚೆ ನೀವು ಪ್ರತಿ ಸಲ ಕೇಳುತ್ತೀರಿ, ‘ಅಪ್ಪ ಏನಾದ್ರೂ ಅಂದ್ರಾ?’ ಅಂತ. ಎರಡು ವರ್ಷದಿಂದ ನಾನು ‘ಇಲ್ಲ ರೀ’ ಎನ್ನುತ್ತಲೇ ಬಂದಿದ್ದೇನೆ. ಅಂದು ಅವರ ಬಡಗಿ ಕೊಟ್ಟಿಗೆಯಲ್ಲಿ ನಿಂತು ನೀವು ‘ಮರದ ಕಾಲ ಮುಗೀತಪ್ಪಾ, ನಾನು ವೆಲ್ಡಿಂಗ್ ಕೆಲಸಕ್ಕೆ ಹೋಗ್ತೀನಿ’ ಎಂದಿರಿ. ಅವರು ‘ಕಬ್ಬಿಣ ಹಿಡಿದವನು ನನ್ನ ಕಣ್ಣೆದುರು ಬರಬೇಡ’ ಎಂದರು. ಅಪ್ಪ ಮಗ ಇಬ್ಬರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು, ನಡುವೆ ಓಡಾಡಿ ಸವೆದದ್ದು ನನ್ನ ಚಪ್ಪಲಿ. ಹೋದ ವಾರ ನೀವು ‘ಈ ರಜೆಗೆ ನಾನು ಮನೆಗೆ ಬರಲ್ಲ, ನೀನೂ ಪುಟ್ಟಿನೂ ಇಲ್ಲಿಗೇ ಬಂದುಬಿಡಿ’ ಎಂದಾಗ ‘ನೋಡೋಣ’ ಎಂದೆ. ಫೋನಿಟ್ಟ ಮೇಲೆ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇರಲಿ, ಕೋಳಿಯ ವಿಷಯಕ್ಕೆ ಬರುತ್ತೇನೆ.

ನಮ್ಮ ಆಸ್ಪತ್ರೆಯ ದೊಡ್ಡ ನರ್ಸಿಗೆ ವರ್ಗವಾಯಿತು. ಸಾಕಿದ ಐದು ಕೋಳಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿ ತಂದು ನಾನು ಔಷಧಿ ಕೊಡುವ ಕಿಟಕಿಯ ಮುಂದಿಟ್ಟು, ‘ನಿನ್ನ ಹೊರತು ಯಾರನ್ನೂ ನಂಬಲ್ಲ ಕಣೇ’ ಎಂದು ಹೋಗಿಬಿಟ್ಟರು. ನೀವು ಹೋದಮೇಲೆ ಉಳಿ ಮುಟ್ಟದೆ ಕೂತಿದ್ದ ಮಾವ ಕೋಳಿಗಳನ್ನು ಒಮ್ಮೆ ನೋಡಿದರು, ಹಿತ್ತಿಲನ್ನು ಒಮ್ಮೆ ನೋಡಿದರು, ಕಿವಿಯ ಮೇಲೆ ಪೆನ್ಸಿಲು ಸಿಕ್ಕಿಸಿಕೊಂಡರು. ನನಗೆ ಎಷ್ಟು ಖುಷಿಯಾಯಿತು ಗೊತ್ತೇ? ಎಂಟು ದಿನ ಕೊಟ್ಟಿಗೆಯಲ್ಲಿ ಗರಗಸದ ಸದ್ದು. ಒಂಬತ್ತನೆಯ ದಿನ ಗೂಡು ಬಂತು. ಅಯ್ಯೋ, ಅದನ್ನು ಗೂಡು ಎನ್ನುವುದು ಹೇಗೆ! ನಲವತ್ತು ವರ್ಷ ಬೀರು ಮಾಡಿದ ಕೈ ಬೀರನ್ನೇ ಮಾಡಿತ್ತು. ನಾಲ್ಕೂ ಕಡೆ ಹಲಗೆ, ಒಂದಕ್ಕೊಂದು ಕಚ್ಚಿಕೊಂಡು ಕೂದಲೆಳೆ ಸಂದಿಲ್ಲ. ಎರಡು ಬಾಗಿಲು, ಮೆರುಗು ಬೇರೆ, ಬೀಗ ಬೇರೆ. ‘ಇರುವೆ ನುಗ್ಗಲಿ ನೋಡೋಣ’ ಎಂದು ಮೀಸೆ ತಿರುವಿದರು. ಕೋಳಿಗಳು ಒಳಗೆ ಹೋದಾಗ ಮಡಿಸಿಟ್ಟ ಸೀರೆಗಳ ಹಾಗೆ ಕಂಡವು.

ಮೂರನೆಯ ಮಧ್ಯಾಹ್ನ ಬಾಗಿಲು ತೆಗೆದರೆ ಐದೂ ಕೊಕ್ಕು ತೆರೆದು, ರೆಕ್ಕೆ ಅಗಲಿಸಿ ಏದುಸಿರು ಬಿಡುತ್ತಿವೆ. ಪುಟ್ಟಿ ‘ಮೇಡಂ’ ಎಂದು ಹೆಸರಿಟ್ಟಿರುವ ಕಪ್ಪು ಕೋಳಿ ನೆಲಕ್ಕೆ ಒರಗಿತ್ತು. ಎತ್ತಿಕೊಂಡು ಓಡಿ, ನೆರಳಿನಲ್ಲಿ ಅದರ ಕಾಲನ್ನು ತಣ್ಣೀರಿನಲ್ಲಿ ಇಟ್ಟುಕೊಂಡು ಕೂತೆ. ಪುಣ್ಯಕ್ಕೆ ಉಳಿಯಿತು. ಮಾವನಿಗೆ ಹೇಳುವುದು ಹೇಗೆ? ಎರಡು ವರ್ಷದ ಮೇಲೆ ಉಳಿ ಹಿಡಿದವರು. ಇದು ಸರಿಯಿಲ್ಲ ಎಂದರೆ ಮತ್ತೆ ಹಿಡಿಯುವುದಿಲ್ಲ. ಕೋಳಿಯೂ ಉಳಿಯಬೇಕು, ಮಾವನ ಮನಸ್ಸೂ ಉಳಿಯಬೇಕು. ನಾನು ಉಪಾಯ ಮಾಡಿದೆ. ಮಾರನೆಯ ದಿನ ಎರಡು ಗಂಟೆಯ ಬಿಸಿಲಿನಲ್ಲಿ, ‘ಮಾವ, ಒಳಗೆ ಕೂರುವ ಕೋಲು ಅಲ್ಲಾಡ್ತಿದೆ, ಒಂಚೂರು ನೋಡ್ತೀರಾ?’ ಎಂದೆ. ತಲೆ, ಭುಜ ತೂರಿಸಿ ಒಳಗೆ ಹೋದರು. ಎರಡೇ ನಿಮಿಷ. ಹೊರಗೆ ಬಂದಾಗ ಅಂಗಿ ಹಿಂಡಿದರೆ ಒಂದು ಚೊಂಬು ನೀರು. ಸೀಬೆ ಮರದ ಕೆಳಗೆ ಕೂತು ಬೆವರು ಒರೆಸಿಕೊಂಡರು. ಆಮೇಲೆ, ‘ಕೋಲು ಗಟ್ಟಿಯಾಗೇ ಇದೆ. ನೀನು ಬಹಳ ಜಾಣೆ ಕಣಮ್ಮಾ’ ಎಂದರು. ಬೈದರೋ ಹೊಗಳಿದರೋ ನನಗೆ ಇನ್ನೂ ತಿಳಿದಿಲ್ಲ.

ಮರುದಿನ ಬೆಳಿಗ್ಗೆ ತಾವು ಮಾಡಿದ ಬೀರಿಗೆ ತಾವೇ ಗರಗಸ ಇಟ್ಟರು. ನೋಡಲಾಗದೆ ನಾನು ಒಳಗೆ ಹೋದೆ. ಅವರೋ ಗುನುಗುತ್ತಾ ಕೆಲಸ ಮಾಡುತ್ತಿದ್ದರು! ಈಗ ಹಿಂಬದಿ ಮಾತ್ರ ಹಲಗೆ, ಉಳಿದ ಮೂರು ಕಡೆ ಜಾಲರಿ. ಸೀಬೆ ಮರದ ನೆರಳಿಗೆ ಸರಿಸಿ, ಪೂರ್ವ ಪಶ್ಚಿಮಕ್ಕೆ ಉದ್ದ ಮಾಡಿದ್ದಾರೆ, ಸಂಜೆಯ ಬಿಸಿಲು ಕಿರಿದಾದ ಬದಿಗೆ ಮಾತ್ರ ಬೀಳುತ್ತದೆ. ಗೋಡೆಗೂ ತಗಡಿನ ಚಾವಣಿಗೂ ನಡುವೆ ಒಂದು ಗೇಣು ಸಂದು, ತಗಡಿನ ಮೇಲೆ ಒಣಹುಲ್ಲು. ಮುಂದೆ ಓಡಾಡಲು ಜಾಲರಿಯ ಅಂಗಳ. ಮುಂಗುಸಿ ಕೆರೆದು ಬರದಂತೆ ಜಾಲರಿಯನ್ನು ಒಂದು ಅಡಿ ಮಣ್ಣಿನೊಳಗೆ ಹೂತಿದ್ದಾರೆ. ಮೊಟ್ಟೆ ಇಡಲು ಮೂರು ಗೂಡುಪೆಟ್ಟಿಗೆ ಮಾಡಿದರೆ ಐದೂ ಮಹಾರಾಣಿಯರು ಒಂದರ ಮುಂದೆಯೇ ಸಾಲು ನಿಲ್ಲುತ್ತಾರೆ, ನಮ್ಮ ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯಂತೆ. ಮೇಡಂ ನಿನ್ನೆ ಮೊಟ್ಟೆ ಇಟ್ಟಳು.

ಆದರೆ ಅಂಗಳದ ಎತ್ತರಕ್ಕೆ ನಾನು ಜಗಳವಾಡಿದೆ. ಮಾವ ಗಿಡ್ಡ, ನಾನು ಅವರಿಗಿಂತ ಗಿಡ್ಡ, ಕೋಳಿಯಂತೂ ಒಂದೂವರೆ ಅಡಿ. ಅಂಗಳ ನೋಡಿದರೆ ಆನೆ ಕಟ್ಟುವಂತಿದೆ. ‘ಯಾಕೆ ಮಾವ ಇಷ್ಟೆತ್ತರ?’ ಎಂದರೆ ‘ಬಿಸಿಗಾಳಿ ಮೇಲೆ ಹೋಗ್ಬೇಕು, ನಿಂಗೆ ಗೊತ್ತಾಗಲ್ಲ’ ಎಂದರು. ಅದಕ್ಕೆ ಬಾಗಿಲೂ ಇಲ್ಲ! ಸಂಜೆಯಾದರೆ ಹಳೆಯ ಬೀರಿನ ಬಾಗಿಲನ್ನು ಅಡ್ಡ ಇಟ್ಟು ಹಗ್ಗ ಕಟ್ಟುತ್ತೇನೆ. ಯಾಕೆ ಮಾಡಲಿಲ್ಲ ಎಂದರೆ, ‘ನೆಲಕ್ಕೆ ತಾಗೋ ಬಾಗಿಲು. ಮರದ್ದಾದ್ರೆ ಗೆದ್ದಲು ಹಿಡಿಯುತ್ತೆ. ಕಬ್ಬಿಣದ್ದೇ ಆಗ್ಬೇಕು.’ ಕಬ್ಬಿಣ! ಆ ಪದ ಅವರ ಬಾಯಿಂದ ಎರಡು ವರ್ಷದ ಮೇಲೆ ಬಂತು ರೀ, ನನ್ನ ಕೈಲಿದ್ದ ಕಾಳಿನ ಬಟ್ಟಲು ಜಾರಿತು. ಹಾಗಾದರೆ ರಸ್ತೆ ತುದಿಯ ಗ್ರಿಲ್ ಅಂಗಡಿಯವನನ್ನು ಕರೆಯಲೇ ಎಂದೆ. ಮೂಗಿನ ಮೇಲಿನ ಕೋಪ ತಲೆಗೇರಿತು. ‘ಅವನ ಬೆಸುಗೆ ನೋಡಿದೀಯಾ? ಕಾಗೆ ಹಿಕ್ಕೆ ಹಾಕಿದ ಹಾಗಿರುತ್ತೆ. ಕೆಲಸ ಗೊತ್ತಿರೋರು ಮಾಡ್ಬೇಕು’ ಎಂದು ಎದ್ದು ಹೋದರು.

ಕಾಗದ ಉದ್ದವಾಯಿತು. ಹೊಟ್ಟೆ ತುಂಬ ಊಟ ಮಾಡಿ, ಕಣ್ಣು ಜೋಪಾನ. ಪುಟ್ಟಿ ಲಕೋಟೆಯಲ್ಲಿ ಒಂದು ಗರಿ ಇಟ್ಟಿದ್ದಾಳೆ, ಅದು ಮೇಡಂನದಂತೆ, ಕಳೆಯಬಾರದಂತೆ.

ಸದಾ ನಿಮ್ಮ ದಾರಿ ಕಾಯುವ,
ನಿಮ್ಮವಳು

ತಾ.ಕ.: ಲಕೋಟೆ ಅಂಟಿಸುವಾಗ ಪುಟ್ಟಿ ಬಂದು ಹೇಳಿದಳು, ಅಂಗಳದ ಕಂಬ ಕತ್ತರಿಸುವ ಮುಂಚೆ ತಾತ ಅಡುಗೆಮನೆಯ ಬಾಗಿಲಿನ ಹತ್ತಿರ ಕೋಲಿಟ್ಟು ಅಳೆದರಂತೆ. ಹೋಗಿ ನೋಡಿದೆ. ಆ ಚೌಕಟ್ಟಿನಲ್ಲಿ ಪ್ರತಿ ವರ್ಷ ನಿಮ್ಮನ್ನು ನಿಲ್ಲಿಸಿ ಅವರು ಎಳೆದ ಪೆನ್ಸಿಲ್ ಗೆರೆಗಳಿವೆಯಲ್ಲ, ಎಲ್ಲಕ್ಕಿಂತ ಮೇಲಿನದರ ಪಕ್ಕದಲ್ಲಿ ಹೊಸ ಗುರುತಿದೆ. ಅದೇ ಕೋಲನ್ನು ಅಂಗಳಕ್ಕೆ ಒಯ್ದು ಹಿಡಿದೆ. ನಿಮ್ಮ ಎತ್ತರ, ಅದರ ಮೇಲೆ ನಾಲ್ಕು ಬೆರಳು. ನೀವು ತಲೆ ಬಗ್ಗಿಸದೆ ಒಳಗೆ ಬರಬಹುದು. ಅಪ್ಪ ಏನಾದ್ರೂ ಅಂದ್ರಾ ಎಂದು ಇನ್ನು ಕೇಳಬೇಡಿ. ಬಾಗಿಲಿನ ಅಗಲ ಎರಡೂವರೆ ಅಡಿ, ಬೆಸುಗೆ ಸಾಮಾನು ತನ್ನಿ. ನಾನು ಬರೆದೆ ಎಂದು ಮಾತ್ರ ಹೇಳಬೇಡಿ.