ವಿಭೂತಿ ಹಚ್ಚಿದ ಡಿಸ್ಕ್

ಸೆಪ್ಟೆಂಬರ್ 15, ಸೋಮವಾರ. ಬೆಳಿಗ್ಗೆ 10.30

ಮೆಷಿನ್‌ಗೆ ಎಣ್ಣೆ ಬಿಟ್ಟೆ. ಒರೆಸಿದೆ. ನಿಂತು ಹನ್ನೊಂದು ದಿನ. ಆದರೂ ಎಣ್ಣೆ ಬಿಡುತ್ತೇನೆ. ಕಾಯಿಲೆ ಬಿದ್ದವರಿಗೆ ಊಟ ನಿಲ್ಲಿಸುತ್ತಾರಾ?

ಎಂಬ್ರಾಯ್ಡರಿ ಮೆಷಿನ್‌ಗೆ ಏನೂ ಆಗಿಲ್ಲ. ಸತ್ತದ್ದು ಅದಕ್ಕೆ ಡಿಸೈನ್ ಕಳಿಸುವ ಕಂಪ್ಯೂಟರ್. ಅದರೊಳಗಿನ ಮದರ್‌ಬೋರ್ಡ್ ಸುಟ್ಟುಹೋಯಿತು. ಡಿಸೈನ್ ಬರದೆ ಸೂಜಿ ಅಲ್ಲಾಡುವುದಿಲ್ಲ. ಹನ್ನೆರಡು ವರ್ಷದಿಂದ ಉತ್ತರಹಳ್ಳಿಯ ಅರ್ಧ ಮದುವೆ ಬ್ಲೌಸ್‌ಗಳಿಗೆ ಡಿಸೈನ್ ಬಿದ್ದಿರುವುದು ನಮ್ಮ ಮನೆಯ ಕೆಳಗಿನ ಈ ರೂಮಿನಲ್ಲೇ... ಅರ್ಧ ಜಾಸ್ತಿಯಾಯಿತು. ಕಾಲು ಭಾಗ.

ನಿನ್ನೆ ಊಟದ ಹೊತ್ತಿಗೆ ಮೈದುನ ಚಿದಾನಂದ್ ಮಹಡಿಯಿಂದ ಇಳಿದು ಬಂದು ತೀರ್ಪು ಕೊಟ್ಟ. ವಿಲ್ಸನ್ ಗಾರ್ಡನ್‌ನಲ್ಲಿ ಸುಭಾಷ್ ಅಂತ ಹಳೇ ಮೆಷಿನ್ ವ್ಯಾಪಾರಿ ಇದ್ದಾನಂತೆ. ವಿಜಯದಶಮಿ ಆದ ಮೇಲೆ, ನಾಲ್ಕನೇ ತಾರೀಖು ಶನಿವಾರ, ಟೆಂಪೋ ತಂದು ಎತ್ತಿಕೊಂಡು ಹೋಗುತ್ತಾನಂತೆ. ರೂಮ್ ಬಾಡಿಗೆಗೆ ಕೊಡೋಣ ಅಂದ. ಅಷ್ಟರೊಳಗೆ ಮೆಷಿನ್ ಓಡಿದರೆ ಏನು ಅಂತ ಕೇಳಿದೆ. ಓಡಿದರೆ ಇರಲಿ ಅತ್ತಿಗೆ, ನನಗೇನು ಹಟವಾ ಅಂದ. ನನ್ನ ಗಂಡ ಶರಣ್ ಮೊಸರನ್ನ ಕಲಸುತ್ತಾ ಕೂತಿದ್ದರು. ಹತ್ತು ನಿಮಿಷ ಕಲಸಿದರು.

ಅತ್ತೆ ಮಾತ್ರ, ಅವಳ ಕೈ ಕಟ್ಟಬೇಡ್ರೋ ಅಂದರು. ಅಷ್ಟೇ. ಆದರೆ ಅಂದರು.

ಸೆಪ್ಟೆಂಬರ್ 16, ಮಂಗಳವಾರ

ಜಯನಗರದಿಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದೆ. ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು. ಮೆಷಿನ್ ಜೊತೆ ಬಂದಿದ್ದ ವಿಂಡೋಸ್ ಸೆವೆನ್ ಡಿಸ್ಕ್ ಹಾಕಿದೆ. ಸಖತ್ತಾಗಿ ಓಡಿತು — ಭಾಷೆ ಆರಿಸು ಅನ್ನುವ ಪರದೆಯವರೆಗೆ. ಅಲ್ಲಿ ಕೀಬೋರ್ಡ್ ಸತ್ತಿತು. ಮೌಸೂ ಸತ್ತಿತು. ನಾಲ್ಕು ಸಲ ಹಾಕಿದೆ, ನಾಲ್ಕು ಸಲವೂ ಅದೇ ಕತೆ.

ಅಂಗಡಿಗೆ ಫೋನ್ ಮಾಡಿದೆ. ಚನ್ನವೀರ ಅಂತ ಹುಡುಗ. ಮೇಡಂ, ಈ ಬೋರ್ಡ್‌ಗೆ ಸೆವೆನ್ ಕೂರಲ್ಲ, ಟೆನ್ ಹಾಕ್ಕೊಡ್ತೀನಿ ಅಂದ. ನನ್ನ ಎಂಬ್ರಾಯ್ಡರಿ ಸಾಫ್ಟ್‌ವೇರ್ ಟೆನ್‌ನಲ್ಲಿ ತೆರೆಯುವುದೇ ಇಲ್ಲ ಅಂದೆ. ಹಾಗಾದರೆ ಮೆಷಿನ್ನೇ ಹೊಸದು ತಗೊಳ್ಳಿ ಮೇಡಂ, ಅದೆಲ್ಲ ಹಳೇ ಕಾಲದ್ದು ಅಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಫೋನ್ ಇಟ್ಟೆ.

ಸೆಪ್ಟೆಂಬರ್ 18, ಗುರುವಾರ. ಮಧ್ಯಾಹ್ನ 2

ಯಾಕೆ ಸಾಯುತ್ತದೆ ಅಂತ ಗೊತ್ತಾಯಿತು!

ನಿನ್ನೆ ಚಿದಾನಂದ್ ಆಫೀಸಿಗೆ ಹೋದ ಮೇಲೆ ವಾರಗಿತ್ತಿ ಸಂಗೀತಾ ತನ್ನ ಲ್ಯಾಪ್‌ಟಾಪ್ ತಂದು ಕೊಟ್ಟಳು. ಸೆರಗಿನಡಿ ಮುಚ್ಚಿಕೊಂಡು, ಕದ್ದ ಹಲಸಿನ ಹಣ್ಣಿನ ಥರ. ನಿನ್ನೆಯೂ ಇವತ್ತೂ ಕೂತು ಓದಿದೆ. ವಿಷಯ ಇಷ್ಟೇ. ನನ್ನ ಡಿಸ್ಕ್ ಹಳೆಯದು, ಈ ಬೋರ್ಡ್ ಅದಾದ ಮೇಲೆ ಹುಟ್ಟಿದ್ದು. ಬೋರ್ಡಿನ ಯುಎಸ್‌ಬಿ ತೂತುಗಳ ಪರಿಚಯ ಡಿಸ್ಕಿಗೆ ಇಲ್ಲ. ಅದಕ್ಕೇ ಅಲ್ಲಿಗೆ ಚುಚ್ಚಿದ ಕೀಬೋರ್ಡ್, ಮೌಸ್ ಕಾಣುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಹಾಕಿದರೆ ಅದೂ ಕಾಣುವುದಿಲ್ಲ, ಅದೂ ಅದೇ ತೂತು. ಪರಿಚಯ ಮಾಡಿಸುವ ಫೈಲ್‌ಗೆ ಡ್ರೈವರ್ ಅನ್ನುತ್ತಾರೆ. ಹಳೇ ಡಿಸ್ಕನ್ನು ಬಿಚ್ಚಿ, ಒಳಗೆ ಹೊಸ ಡ್ರೈವರ್ ಸೇರಿಸಿ, ಮತ್ತೆ ಡಿಸ್ಕ್ ಬರೆಯಬೇಕು.

ಬ್ಲೌಸ್ ಬಿಚ್ಚಿ ಆಲ್ಟರ್ ಮಾಡುವುದೇ ತಾನೆ. ಅದು ನನಗೆ ಬರುತ್ತದೆ.

ಸೆಪ್ಟೆಂಬರ್ 20, ಶನಿವಾರ

ಡ್ರೈವರ್ ಸೇರಿಸುವುದು ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಕೊಡುವ ಕಪ್ಪು ಕಿಟಕಿಯಲ್ಲಿ. ಒಂದೊಂದೇ ಸಾಲು ಟೈಪ್ ಮಾಡಬೇಕು. ಒಂದು ಚುಕ್ಕೆ ತಪ್ಪಿದರೂ ಬೈಯುತ್ತದೆ. ಅಳತೆ ಬರೆದುಕೊಳ್ಳುವ ಪುಸ್ತಕದಲ್ಲೇ ಸಾಲುಗಳನ್ನು ಬರೆದುಕೊಂಡೆ. ತೋಳು, ಎದೆ, ಸೊಂಟದ ಪಕ್ಕದಲ್ಲೇ. ಡಿಸ್ಕಿನೊಳಗಿನ ಮುಖ್ಯ ಫೈಲ್ ಹೆಸರು ಬೂಟ್ ಡಾಟ್ ವಿಮ್. ಪಾತ್ರೆ ತೊಳೆಯೋದಾ ಅಕ್ಕ ಅಂತ ಸಂಗೀತಾ ನಕ್ಕು ನಕ್ಕು ಸುಸ್ತಾದಳು.

ಡ್ರೈವರ್ ಸೇರಲಿಲ್ಲ. ಕೆಂಪು ಅಕ್ಷರ. ನನ್ನ ಡಿಸ್ಕ್ ಮೂವತ್ತೆರಡು ಬಿಟ್‌ನದು, ನಾನು ಇಳಿಸಿದ್ದು ಅರವತ್ತನಾಲ್ಕರ ಡ್ರೈವರ್. ಮೂವತ್ತೆರಡರ ಅಳತೆಗೆ ದೊಡ್ಡ ಬ್ಲೌಸ್ ಹೊಲಿದರೆ ಕೂರುತ್ತದಾ? ನನ್ನ ತಪ್ಪೇ. ಒಪ್ಪಿದೆ. ಮೂವತ್ತೆರಡರದ್ದು ಹುಡುಕಬೇಕು.

ಸೆಪ್ಟೆಂಬರ್ 25, ಗುರುವಾರ

ನಾಲ್ಕು ದಿನ ಬರೆಯಲಿಲ್ಲ. ಸರಿಯಾದ ಡ್ರೈವರ್ ಸಿಕ್ಕಿತು, ಸೇರಿತು, ಡಿಸ್ಕ್ ಬರೆದೆ. ಹಾಕಿದೆ. ಭಾಷೆಯ ಪರದೆ ಬಂತು. ಕೀಬೋರ್ಡ್... ಸತ್ತಿತ್ತು.

ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ. ಮುಖ ತೊಳೆದುಕೊಂಡು ಬಂದೆ. ಚಿದಾನಂದ್ ಬಾಗಿಲಲ್ಲಿ ನಿಂತಿದ್ದ. ಬಿಡಿ ಅತ್ತಿಗೆ, ಯಾಕೆ ತಲೆ ಕೆಡಿಸ್ಕೋತೀರಿ ಅಂದ. ಕೆಟ್ಟ ದನಿಯಲ್ಲಿ ಅನ್ನಲಿಲ್ಲ, ಪಾಪ ಅನ್ನುವ ಹಾಗೆ ಅಂದ. ಅದಕ್ಕೇ ಮೈ ಉರಿದುಹೋಯಿತು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ.

ಸೆಪ್ಟೆಂಬರ್ 27, ಶನಿವಾರ. ಬೆಳಿಗ್ಗೆ 11.15

ಥೂ ನನ್ನ! ಬೂಟ್ ಫೈಲಿನೊಳಗೆ ಎರಡು ಪದರ ಇವೆ. ಒಂದು, ಎರಡು ಅಂತ ನಂಬರ್. ಇನ್‌ಸ್ಟಾಲ್ ಪರದೆ ಓಡುವುದು ಎರಡನೆಯದರಿಂದ. ನಾನು ಒಂದನೆಯದಕ್ಕೆ ಮಾತ್ರ ಸೇರಿಸಿ ಮುಚ್ಚಿದ್ದೆ. ಲೈನಿಂಗ್‌ಗೆ ಹುಕ್ ಹೊಲಿದು ಮೇಲ್ಬಟ್ಟೆ ಹಾಗೇ ಬಿಟ್ಟ ಹಾಗೆ. ಹನ್ನೆರಡು ವರ್ಷ ಲೈನಿಂಗ್ ಬ್ಲೌಸ್ ಮಾಡಿದವಳು ನಾನು.

ಇದನ್ನು ಯಾರೂ ಹೇಳಿಕೊಡಲಿಲ್ಲ. ನಾನೇ ಕಂಡುಹಿಡಿದೆ. ಇಲ್ಲಿ ಬರೆದುಕೊಳ್ಳಲು ಯಾರಪ್ಪನ ಅಪ್ಪಣೆಯೂ ಬೇಡ.

ಸೆಪ್ಟೆಂಬರ್ 30, ಮಂಗಳವಾರ. ಸಂಜೆ 5

ಕೀಬೋರ್ಡ್ ದೀಪ ಹತ್ತಿತು. ಮೌಸಿನ ಬಾಣ ಓಡಾಡಿತು. ಬಾಣವನ್ನು ಸುಮ್ಮನೆ ಪರದೆಯ ನಾಲ್ಕೂ ಮೂಲೆಗೆ ಓಡಿಸಿದೆ. ಸಂಗೀತಾನೂ ಓಡಿಸಿದಳು.

ಇನ್‌ಸ್ಟಾಲ್ ಒತ್ತಬೇಕು ಅನ್ನುವಷ್ಟರಲ್ಲಿ ಅತ್ತೆ ಬಂದರು. ನಾಳೆ ಆಯುಧಪೂಜೆ. ಮನೆಯ ಕತ್ತರಿ, ಕುಡುಗೋಲು, ಚಿದಾನಂದನ ಬೈಕು, ಎಲ್ಲ ತೊಳೆದು ಆಗಿದೆ. ಇನ್ನು ನಾಡಿದ್ದಿನವರೆಗೆ ಯಾವ ಆಯುಧವೂ ಕೆಲಸ ಮಾಡುವಂತಿಲ್ಲ. ಈ ಮನೆಗೆ ಬಂದ ಇಪ್ಪತ್ತೊಂದು ವರ್ಷದಲ್ಲಿ ಇದೊಂದು ಮುರಿದಿಲ್ಲ. ಅರ್ಧ ಗಂಟೆ ಕೊಡಿ ಅಂದೆ. ದಣಿದಿದಾವೆ ಕಣೇ, ಮಲಗಲಿ ಅಂದರು. ಆಫ್ ಮಾಡಿದೆ. ಡಿಸ್ಕ್ ತೆಗೆದು ಕವರಿಗೆ ಹಾಕಿ ಸಿಪಿಯು ಮೇಲೆ ಇಟ್ಟೆ. ಗುರುವಾರ, ಶುಕ್ರವಾರ ಎರಡು ದಿನ ಇದೆ. ಸಾಕು.

ಅಕ್ಟೋಬರ್ 1, ಬುಧವಾರ

ಅಯ್ಯೋ ಶಿವನೇ.

ಸ್ನಾನ ಮಾಡಿ ಬರುವಷ್ಟರಲ್ಲಿ ಅತ್ತೆ ಪೂಜೆ ಮುಗಿಸಿದ್ದರು. ಮೆಷಿನ್‌ಗೆ ಹೂವು, ನಿಂಬೆಹಣ್ಣು. ಕಂಪ್ಯೂಟರ್‌ಗೆ ಹೂವು. ಡಿಸ್ಕನ್ನು ಕವರಿನಿಂದ ತೆಗೆದು, ತಟ್ಟೆಯಲ್ಲಿಟ್ಟು, ಮೂರು ಬೆರಳಲ್ಲಿ ಒದ್ದೆ ವಿಭೂತಿ ಎಳೆದಿದ್ದರು. ನಡುವೆ ಕುಂಕುಮ. ಹೊಳೆಯುವ ಕಡೆಗೆ! ಕಂಪ್ಯೂಟರ್ ಓದುವ ಕಡೆಗೆ.

ಅತ್ತೆ ನನ್ನ ಮುಖ ನೋಡುತ್ತಾ ನಿಂತಿದ್ದರು. "ಮಿಕ್ಕಿದ್ದೆಲ್ಲಾ ಮನೇದು ಕಣೇ ಜಯಾ. ಇದೊಂದು ನೀನೇ ಮಾಡಿದ್ದು. ಅದಕ್ಕೆ ಇದಕ್ಕೇ ಮೊದಲು ಹಚ್ದೆ."

ಕಾಲಿಗೆ ನಮಸ್ಕಾರ ಮಾಡಿದೆ. ಮುಟ್ಟುವಂತಿಲ್ಲ, ಒರೆಸುವಂತಿಲ್ಲ. ವಿಭೂತಿ ಒಣಗುವುದನ್ನು ಇಡೀ ದಿನ ನೋಡಿದೆ.

ಅಕ್ಟೋಬರ್ 2, ಗುರುವಾರ

ಸೆರಗಿನಿಂದ ಡಿಸ್ಕನ್ನು ಸುತ್ತಲೂ ಉಜ್ಜಿದೆ. ಅವಸರ. ನಡುವಿನಿಂದ ಅಂಚಿಗೆ ನೇರ ಒರೆಸಬೇಕಂತೆ, ಆಮೇಲೆ ಓದಿದೆ. ವಿಭೂತಿಯ ಪುಡಿ ಮರಳಿನ ಹಾಗೆ ಗೀಚಿದೆ. ಇನ್‌ಸ್ಟಾಲ್ ಶೇಕಡಾ ನಲವತ್ತೇಳಕ್ಕೆ ಬಂದು ನಿಂತಿತು. ಫೈಲ್ ಓದಲಾಗುತ್ತಿಲ್ಲ. ಮತ್ತೊಮ್ಮೆ. ನಲವತ್ತೇಳು.

ಫೈಲುಗಳು ಲ್ಯಾಪ್‌ಟಾಪಿನಲ್ಲಿವೆ, ಇನ್ನೊಂದು ಡಿಸ್ಕ್ ಬರೆಯಬಹುದು. ಖಾಲಿ ಡಿಸ್ಕ್ ಇಲ್ಲ. ತಂದಿದ್ದೇ ಎರಡು. ಹಬ್ಬ, ಅಂಗಡಿಗಳೆಲ್ಲ ಬಾಗಿಲು ಹಾಕಿವೆ.

ನಲವತ್ತೇಳರ ಮುಂದೆ ಕೂತಿದ್ದವಳನ್ನು ಅತ್ತೆ ನೋಡಿದರು. ವಿಭೂತಿಯಿಂದ ಡಿಸ್ಕ್ ಕೆಟ್ಟಿದ್ದನ್ನು ಸಂಗೀತಾ ಬಾಯಿ ಬಿಟ್ಟುಬಿಟ್ಟಳು. ಅತ್ತೆ ಡಿಸ್ಕಿನ ಖಾಲಿ ಕವರು ಎತ್ತಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದ್ದು, ಯಾವ ಕಡೆ ಹಚ್ಚಬೇಕು ಅಂತ ಮುಂಚೆಯೇ ಹೇಳಬಾರದಿತ್ತಾ ಅಂತ. ನಗು ಬಂತು. ಅವರಿಗೆ ಬರಲಿಲ್ಲ. ರಾತ್ರಿ ಊಟ ಬೇಡ ಅಂದರು.

ಅಕ್ಟೋಬರ್ 3, ಶುಕ್ರವಾರ. ಸಂಜೆ 6.10

ಬೆಳಿಗ್ಗೆ ಒಂಬತ್ತಕ್ಕೆ ಅತ್ತೆ ಚಪ್ಪಲಿ ಹಾಕಿಕೊಂಡು ಗೇಟಲ್ಲಿ ನಿಂತಿದ್ದರು. ನಾನೂ ಬರ್ತೀನಿ ಅಂತ. ಮಂಡಿನೋವಿನವರು. ಜಯನಗರ ಫೋರ್ತ್ ಬ್ಲಾಕ್ ಪೂರ್ತಿ ತಿರುಗಿದೆವು. ಖಾಲಿ ಡಿವಿಡಿ ಅಂದರೆ ಹುಡುಗರು ಮುಖ ಮುಖ ನೋಡಿಕೊಳ್ಳುತ್ತಾರೆ. ಬನಶಂಕರಿಯಲ್ಲೂ ಇಲ್ಲ. ಈಗ ಯಾರು ಆಂಟಿ ತಗೋತಾರೆ ಅಂತ ಒಬ್ಬ ಅಂದ.

ಬಸ್‌ಸ್ಟಾಪಿನಲ್ಲಿ ಅತ್ತೆ ಕೇಳಿದರು, ನಿಮ್ಮ ಮದುವೆ ವಿಡಿಯೋ ಕೊಟ್ಟಿದ್ದು ಇಂಥದ್ದರಲ್ಲೇ ಅಲ್ವೇನೆ? ಆ ಸ್ಟುಡಿಯೋ ಇನ್ನೂ ಇದೆಯಲ್ಲ.

ಇಡೀ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ತಲೆಗೆ ಹೊಳೆಯದ್ದು ನಮ್ಮತ್ತೆಗೆ ಹೊಳೆಯಿತು! ಉತ್ತರಹಳ್ಳಿ ಮೇನ್ ರೋಡಿನ ಫೋಟೋ ಸ್ಟುಡಿಯೋ. ಯಜಮಾನರು ಅಟ್ಟದಿಂದ ಇಳಿಸಿದರು — ಧೂಳು ಹಿಡಿದ ಡಬ್ಬಿಯಲ್ಲಿ ಮೂವತ್ತು ಖಾಲಿ ಡಿಸ್ಕ್. ಮದುವೆ ವಿಡಿಯೋ ಎಲ್ಲ ಫೋನಿಗೇ ಕಳಿಸ್ತೀವಮ್ಮ ಈಗ, ಇದ್ದಿದ್ದೆಲ್ಲಾ ತಗೊಂಡು ಹೋಗಿ ಅಂದರು.

ಮಧ್ಯಾಹ್ನ ಬರೆದೆ. ನಿಧಾನದ ಸ್ಪೀಡಿನಲ್ಲಿ. ಹಾಕಿದೆ. ನಲವತ್ತಾರು, ನಲವತ್ತೇಳು — ಅತ್ತೆ ನನ್ನ ಭುಜ ಹಿಡಿದಿದ್ದರು, ಉಗುರು ನೆಟ್ಟಿತು — ನಲವತ್ತೆಂಟು.

ನಾಲ್ಕೂ ನಲವತ್ತಕ್ಕೆ ವಿಂಡೋಸ್ ಪೂರ್ತಿ ಬಂತು. ಐದೂವರೆಗೆ ಸಾಫ್ಟ್‌ವೇರ್ ತೆರೆಯಿತು. ಡಿಸೈನ್ ಕಳಿಸಿದೆ. ಸೂಜಿ ಎದ್ದಿತು.

ನಾನು ಎಸ್ಎಸ್ಎಲ್‌ಸಿ. ಕಂಪ್ಯೂಟರ್ ಕ್ಲಾಸಿಗೆ ಒಂದು ದಿನ ಹೋದವಳಲ್ಲ. ಬೋರ್ಡ್‌ಗೆ ಕೂರಲ್ಲ ಅಂದ ಸೆವೆನ್ ಕೂತಿದೆ, ನಾನು ಹೊಲಿದ ಡಿಸ್ಕಿನಿಂದ ಕೂತಿದೆ. ಮಾರ್ಕರ್ ತಗೊಂಡು ಡಿಸ್ಕಿನ ಮೇಲೆ ದಪ್ಪಗೆ ಬರೆದೆ. ಜಯಶೀಲಾ. ಹೆಮ್ಮೆ ಅಂದರೆ ಹೆಮ್ಮೆ, ಹೊಟ್ಟೆಯೊಳಗೆ ಹಿಡಿಸುತ್ತಿಲ್ಲ.

ಅಕ್ಟೋಬರ್ 4, ಶನಿವಾರ

ಸುಭಾಷ್ ಹತ್ತು ಗಂಟೆಗೆ ಟೆಂಪೋ ಸಮೇತ ಬಂದ. ಹಗ್ಗ, ಇಬ್ಬರು ಆಳು. ಬೇಡ ಅಂತ ಚಿದಾನಂದ್ ಫೋನ್ ಮಾಡಿ ಹೇಳಬಹುದಿತ್ತು. ಹೇಳಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಏಳಲಿಲ್ಲ. ತೋಳಿನ ಬಾರ್ಡರ್ ಅರ್ಧದಲ್ಲಿತ್ತು, ಹೊಲಿಯುತ್ತಲೇ ಕೂತೆ.

ಸುಭಾಷ್ ಬಾಗಿಲಲ್ಲೇ ನಿಂತ. ಸತ್ತಿದೆ ಅಂದ್ರಲ್ಲ ಸಾರ್, ಯಾರು ರೆಡಿ ಮಾಡಿದ್ದು, ಕಂಪನಿಯವರಾ ಅಂತ ಚಿದಾನಂದನನ್ನು ಕೇಳಿದ.

"ನಮ್ಮತ್ತಿಗೆ ಮಾಡಿದ್ದು. ಡಿಸ್ಕಿಂದ ಹಿಡಿದು ಅವರೇ," ಅಂದ ಚಿದಾನಂದ್. "ಸುಮ್ನೆ ಹೇಳಿದ್ರೆ ನಂಬಲ್ಲ ಅಂತಾನೇ ನಿಮ್ಮನ್ನ ಬರೋಕೆ ಬಿಟ್ಟೆ."

ಅದು ನಿಜವೋ, ಆ ಕ್ಷಣಕ್ಕೆ ಹೊಳೆದ ಮಾತೋ, ಗೊತ್ತಿಲ್ಲ. ಆದರೆ ನನ್ನ ಸೂಜಿ ತಪ್ಪಲಿಲ್ಲ, ಕಣ್ಣು ಮಾತ್ರ ಮಂಜಾಯಿತು.

ಸುಭಾಷ್ ಹೋಗುವ ಆಸಾಮಿ ಅಲ್ಲ. ಅವನ ಗೋಡೌನಿನಲ್ಲಿ ಇಂಥವೇ ಮೂರು ಇವೆಯಂತೆ. ಮೆಷಿನ್ ಗಟ್ಟಿ, ಕಂಪ್ಯೂಟರ್ ಸತ್ತಿರೋದು, ಯಾರ ಕೈಲೂ ಆಗದೆ ಗುಜರಿ ಲೆಕ್ಕದಲ್ಲಿ ಕೊಂಡದ್ದು. ಆ ಡಿಸ್ಕಿನ ಒಂದು ಕಾಪಿ ಕೊಡಿ ಮೇಡಂ ಅಂದ. ಕಾಪಿ ಕೊಟ್ಟರೆ ಪ್ರಯೋಜನ ಇಲ್ಲ, ಬೋರ್ಡ್ ಬೇರೆ ಇದ್ದರೆ ಡ್ರೈವರ್ ಬೇರೆ, ಆ ಮೆಷಿನ್‌ಗಳ ಜೊತೆ ಬಂದ ಡಿಸ್ಕ್ ಹುಡುಕಿ ಇಡಿ ಅಂದೆ. ಎಷ್ಟು ಗತ್ತಿನಲ್ಲಿ ಅಂದೆ ಅಂದರೆ ಅತ್ತೆ ಒಳಗಿಂದ ಇಣುಕಿದರು.

"ಹಾಗಾದ್ರೆ ಹೇಗೆ ಮೇಡಂ?"

"ನಾನೇ ಬರ್ತೀನಿ. ಬುಧವಾರ."

ಟೆಂಪೋ ಖಾಲಿ ಹೋಯಿತು.

ಅಕ್ಟೋಬರ್ 8, ಬುಧವಾರ. ವಿಲ್ಸನ್ ಗಾರ್ಡನ್, 11.40

ಸುಭಾಷನ ಗೋಡೌನಿನಲ್ಲಿ ಬರೆಯುತ್ತಿದ್ದೇನೆ. ಕುರ್ಚಿ ಒರೆಸಿ ಕೊಟ್ಟಿದ್ದಾನೆ. ಎರಡು ಸಲ ಟೀ ಬಂತು. ಬೋರ್ಡ್ ಬೇರೆ, ಡ್ರೈವರ್ ಬೇರೆ. ಇಲ್ಲಿನ ಕಂಪ್ಯೂಟರಿನ ಬೋರ್ಡ್ ನಂಬರನ್ನು ಸುಭಾಷ್ ಫೋನಿನಲ್ಲೇ ಹೇಳಿದ್ದ, ಮನೆಯಲ್ಲೇ ಸೇರಿಸಿ ತಂದಿದ್ದೆ, ಎರಡೂ ಪದರಕ್ಕೆ. ಡಿಸ್ಕ್ ತಿರುಗುತ್ತಿದೆ.

ಈಗಷ್ಟೇ ಚಿದಾನಂದ್ ಫೋನ್. ಪೇಂಟರ್ ಬಂದಿದ್ದಾನಂತೆ. ರೂಮಿನ ಹೊರಗೆ ಹೆಸರಿನ ಬೋರ್ಡ್ ಬರೆಸುತ್ತಿದ್ದಾನಂತೆ, ತಾನೇ ಕರೆಸಿದ್ದು. ನಿಮ್ಮ ಹೆಸರು ಬರೆಸಿದೀನಿ ಅತ್ತಿಗೆ, ಅದರ ಕೆಳಗೆ ಎಂಬ್ರಾಯ್ಡರಿ ಅಂತ ಬರೆಸಿದೀನಿ, ಇನ್ನೂ ಒಂದು ಸಾಲು ಜಾಗ ಇದೆ, ಏನು ಬರೆಸಲಿ ಅಂದ.

ಯೋಚಿಸಲೇ ಇಲ್ಲ ನಾನು. ಬರ್ಕೋ ಅಂದೆ, ಹಳೇ ಮೆಷಿನ್‌ಗಳಿಗೆ ಡಿಸ್ಕ್ ಹೊಲಿದು ಕೊಡಲಾಗುವುದು.

ಬಾಣ ಅಲುಗಾಡಿತು. ಸುಭಾಷ್ ಕರೀತಿದಾನೆ. ಎಂಟರ್ ಒತ್ತಿ ಬಂದು ಮಿಕ್ಕಿದ್ದು ಬರೆಯುತ್ತೇನೆ.